ಬಿಸಿಲಿಗಿಟ್ಟ ಸೆಲ್ಲುಗಳು

ನಾಚಾರಂ, ಹೈದರಾಬಾದ್
23-4-2006, ಭಾನುವಾರ

ಪ್ರೀತಿಯ ಭೀಮಾ ಕಾಕಾ,

ನಿನ್ನ ಮೊಣಕಾಲು ಹೇಗಿದೆ? ಹೋದ ಶುಕ್ರವಾರ ಫೋನಿನಲ್ಲಿ ಏನೂ ಇಲ್ಲ ಎಂದೆ, ಆದರೆ ಮಾತಿನ ನಡುವೆ ನೀನು ಜಾಗ ಹುಡುಕಿ ನರಳುತ್ತ ಕೂತದ್ದು ನನಗೆ ಕೇಳಿಸಿತು. ಮಸ್ಕತ್‌ನಲ್ಲಿ ಬಿಸಿಲು ಇನ್ನೂ ಏರುವುದಿದೆ, ಮಧ್ಯಾಹ್ನ ಅಲ್ಯೂಮಿನಿಯಂ ಚೌಕಟ್ಟುಗಳನ್ನು ಹೊತ್ತು ಮಹಡಿ ಹತ್ತಬೇಡ. ಅವ್ವ ಕಳಿಸಿದ ಶೇಂಗಾ ಚಟ್ನಿ ಪುಡಿ ನಿನ್ನ ಬಾಯಿಗೆ ಬಂತೋ, ಲೇಬರ್ ಕ್ಯಾಂಪಿನವರೇ ಮುಗಿಸಿದರೋ ಎಂದು ಅವ್ವ ಕೇಳುತ್ತಿದ್ದಾಳೆ. ಅಪ್ಪನ ಕಿವಿ ಹಾಗೇ ಇದೆ. ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಕೂತ ಕಿವಿ ಅದು. ಈಗ ಬಲಗಡೆ ಬಾಯಿಟ್ಟು ಕೂಗಿದರೆ ಮಾತ್ರ ತಲೆಯಾಡಿಸುತ್ತಾನೆ, ಅದೂ ಕೇಳಿಸಿದ್ದಕ್ಕೋ ನಮ್ಮ ಸಮಾಧಾನಕ್ಕೋ ತಿಳಿಯದು. ಉಳಿದಂತೆ ಎಲ್ಲರೂ ಆರಾಮ ಇದ್ದೇವೆ.

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವಳು ಇಷ್ಟುದ್ದ ಪತ್ರ ಯಾಕೆ ಬರೆದಳು ಎಂದು ನಿನಗೆ ಅನ್ನಿಸಿರಬೇಕು. ಫೋನಿನಲ್ಲಿ ಅವ್ವ ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾಳೆ. ನಾನು ಹೇಳಬೇಕಾದದ್ದು ಅವಳೆದುರು ಹೇಳುವಂಥದ್ದಲ್ಲ. ಇನ್ನೊಂದು ಕಾರಣ ನಿನಗೆ ಗೊತ್ತೇ ಇದೆ, ನನಗೆ ಬಾಯಿಂದ ಏನೂ ಬರುವುದಿಲ್ಲ, ಬರೆದರೆ ಮಾತ್ರ ಬರುತ್ತದೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನೀನು ಮೊದಲ ಸಲ ರಜೆಗೆ ಬಂದು ನನಗೆ ಕೈಗಡಿಯಾರ ಕೊಟ್ಟೆ. ಪಕ್ಕದ ಮನೆಯ ಹುಡುಗಿಗೆ ಹಣ್ಣಿನ ವಾಸನೆಯ ರಬ್ಬರ್ ಕೊಟ್ಟೆ. ನಾನು ಗಡಿಯಾರ ಬಿಚ್ಚಿಟ್ಟು ಆ ರಬ್ಬರಿಗಾಗಿ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದೆ. ‘ಭವಾನಿ, ನಿನಗ ಹೊಟ್ಟಿಕಿಚ್ಚು ಹುಟ್ಟಾ ಬಂದೈತಿ ನೋಡು’ ಎಂದು ನೀನು ನಕ್ಕಿದ್ದೆ. ಆ ಗುಣ ಹೋಗಿಲ್ಲ ಕಾಕಾ. ಎಂ.ಎ. ಮಾಡಿದರೂ ಹೋಗಿಲ್ಲ. ಈ ಪತ್ರ ಪೂರ್ತಿ ಅದರದ್ದೇ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಿದ್ದೆ. ಉಪ್ಪಲ್‌ನಲ್ಲಿ ಹೊಸದಾಗಿ ಎದ್ದ ಗಾಜಿನ ಕಟ್ಟಡದ ನಾಲ್ಕನೇ ಮಹಡಿ. ಮೊಬೈಲ್ ಫೋನುಗಳ ಒಳಗೆ ಬರುವ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ನಿನ್ನ ಮುಂದಿನ ಫೋನು ‘ಬ್ಯಾಟರಿ ಕಡಿಮೆಯಾಗಿದೆ’ ಎಂದು ಕನ್ನಡದಲ್ಲಿ ಹೇಳಿದರೆ ಅದು ನಾನೇ ಎಂದು ತಿಳಿ. ಹಳಗನ್ನಡ ಕಾವ್ಯದಲ್ಲಿ ಮೊದಲ ದರ್ಜೆ ಬಂದವಳಿಗೆ ಎಂಥ ಕೆಲಸ ಎಂದು ಅಪ್ಪ ಬೇಜಾರು ಮಾಡಿಕೊಂಡಿದ್ದ. ನನಗೆ ಬೇಜಾರಿಲ್ಲ. ಎಸಿ ಇದೆ, ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ಕಿಟಕಿಯಿಂದ ಕ್ರಿಕೆಟ್ ಮೈದಾನದ ದೀಪದ ಕಂಬಗಳು ಕಾಣುತ್ತವೆ. ನಾವು ಹಾಕಿದ ಮಾತುಗಳು ಫೋನಿನ ಪರದೆಯಲ್ಲಿ ಸರಿಯಾಗಿ ಕೂರುತ್ತವೋ ಇಲ್ಲವೋ ನೋಡಲು ಇನ್ನೊಂದು ಗುಂಪಿದೆ. ಅದರಲ್ಲಿ ರಾಹುಲ ಎಂಬ ಹುಡುಗ ಇದ್ದಾನೆ.

ಹೆಸರು ಬರೆದ ಮೇಲೆ ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ಅವನ ಮನೆಯವರು ಹುಮನಾಬಾದ್ ಕಡೆಯವರು. ಅಜ್ಜನ ಕಾಲಕ್ಕೆ ಬಂದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಹಾಕಿದರು. ಹೊರಗೆ ತೆಲುಗು, ಗೆಳೆಯರಲ್ಲಿ ಹಿಂದಿ. ಕನ್ನಡ ಉಳಿದಿರುವುದು ಅಜ್ಜಿ ಅಂಬುಬಾಯಿಯ ಕೋಣೆಯಲ್ಲಿ ಮಾತ್ರ. ಅವನು ಕನ್ನಡ ಕಲಿತದ್ದು ಅಲ್ಲಿ, ಹಾಗಾಗಿ ಇಪ್ಪತ್ತಾರು ವರ್ಷದವನ ಬಾಯಲ್ಲಿ ಎಂಬತ್ತರ ಮುದುಕಿಯ ಮಾತು ಬರುತ್ತದೆ. ಮೊದಲ ದಿನ ನನ್ನ ಹತ್ತಿರ ಬಂದು, ‘ಇಲ್ಲಿ ಅಕ್ಷರ ಮುರದು ಬಿದ್ದದ ನೋಡ್ರೀ ಯವ್ವಾ’ ಎಂದ. ನನಗೆ ನಗು ಬಂತು, ನಗಲಿಲ್ಲ. ಅವನ ಅಂಗಿಯ ಎಡತೋಳಿನ ಗುಂಡಿ ಯಾವಾಗಲೂ ಹೋಗಿರುತ್ತದೆ. ಚಹಾ ಕುಡಿಯುವಾಗ ಮೇಜಿನ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತಾನೆ. ಇದನ್ನೆಲ್ಲ ನಾನು ಎಂಟು ತಿಂಗಳಿಂದ ನೋಡಿದ್ದೇನೆ. ಅವನು ನನ್ನನ್ನು ನೋಡಿದ್ದು ಮಾರ್ಚ್ ತಿಂಗಳಲ್ಲಿ, ಅದೂ ನನ್ನನ್ನಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಅವನಿಗೊಂದು ಹುಚ್ಚಿದೆ. ಮೂವತ್ತು ವರ್ಷದ ಹಿಂದೆ ಇಂಗ್ಲೆಂಡ್, ಅಮೆರಿಕದ ಸಣ್ಣ ಊರುಗಳಲ್ಲಿ ಸಂಗೀತ ಕಲಿಯದ ಹುಡುಗರು ಮೂರು ನಾಲ್ಕು ಮಂದಿ ಸೇರಿ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಹಾಡು ರೆಕಾರ್ಡ್ ಮಾಡುತ್ತಿದ್ದರಂತೆ. ಸಣ್ಣ ಗ್ರಾಮಫೋನ್ ತಟ್ಟೆ, ಬದಿಗೊಂದು ಹಾಡು, ಅದಕ್ಕೆ ಸಿಂಗಲ್ ಎನ್ನುತ್ತಾರೆ. ಇನ್ನೂರೋ ಮುನ್ನೂರೋ ಮಾಡಿಸಿ, ಹೊದಿಕೆಯನ್ನು ತಾವೇ ಕತ್ತರಿಸಿ ಅಂಟಿಸಿ, ಗೆಳೆಯರಿಗೆ ಹಂಚಿ ಮರೆತುಬಿಡುತ್ತಿದ್ದರು. ಸಿಟ್ಟಿನಲ್ಲಿ ಅವಸರದಲ್ಲಿ ಎರಡು ನಿಮಿಷದೊಳಗೆ ಒದರಿ ಮುಗಿಸುವ ಹಾಡಿಗೆ ಪಂಕ್ ಎಂದು ಹೆಸರು. ಅದೇ ಅವಸರದೊಳಗೆ ಬಾಯಲ್ಲಿ ಉಳಿಯುವ ಸಿಹಿ ರಾಗ ಇದ್ದರೆ ಪವರ್ ಪಾಪ್. ಮಾಡಿದವರೇ ಮರೆತ ಈ ಹಾಡುಗಳನ್ನು ಈಗ ಜಗತ್ತಿನ ಮೂಲೆಮೂಲೆಯಲ್ಲಿ ಕೆಲವರು ಅಟ್ಟದಿಂದ, ಗುಜರಿಯಿಂದ ಹುಡುಕಿ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಹಾಡಿದವನು ಈಗ ಎಲ್ಲೋ ಲಾರಿ ಓಡಿಸುತ್ತಿರುತ್ತಾನೆ. ಅವನಿಗೆ ಪತ್ರ ಬರೆದು, ನಿನ್ನ ಹಾಡು ಕೇಳಿದೆವು ಎನ್ನುತ್ತಾರೆ. ರಾಹುಲ ಅಂಥವನು. ಪ್ರತಿ ಭಾನುವಾರ ಅಬಿಡ್ಸ್‌ನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿ ಫುಟ್‌ಪಾತಿನ ಮೇಲೆ ಹಳೇ ಪುಸ್ತಕ ಹರಡುತ್ತಾರಲ್ಲ, ಅಲ್ಲಿ ಮಂಡಿಯೂರಿ ರೆಕಾರ್ಡು, ಕ್ಯಾಸೆಟ್ಟುಗಳ ರಾಶಿ ಕೆದಕುತ್ತಾನೆ. ನಾನೂ ಅದೇ ಫುಟ್‌ಪಾತಿನಲ್ಲಿ ಪುಸ್ತಕ ನೋಡುತ್ತ ಮೂರು ಸಲ ಅವನ ಬೆನ್ನ ಹಿಂದೆ ಹಾದು ಹೋಗಿದ್ದೇನೆ. ಅವನು ತಿರುಗಿ ನೋಡಲಿಲ್ಲ.

ಮಾರ್ಚ್ ಮೂರನೇ ವಾರ ಅವನು ಸೀದಾ ನನ್ನ ಸೀಟಿಗೆ ಬಂದ. ಪಕ್ಕದ ಕುರ್ಚಿ ಎಳೆದು ಕೂತ. ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ. ಅದರ ಹೊದಿಕೆ ಕಾಗದದ್ದಲ್ಲ, ತಗಡಿನದು. ತೆಳು ತಗಡನ್ನು ಅಳತೆಗೆ ಕತ್ತರಿಸಿ ಮಡಚಿ, ಅದರ ಮೇಲೆ ಉಕ್ಕಿನ ಅಚ್ಚಿನಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ಬಡಿದಿದ್ದರು: ತಂಡದ ಹೆಸರು ಥರ್ಡ್ ಶಿಫ್ಟ್, ಊರು ನಾಚಾರಂ, ವರ್ಷ 1984. ಒಳಗೆ ಎರಡು ಹಾಡು, ಬದಿಗೊಂದು. ಹಾಡಿದವರ ಹೆಸರಿನ ಜಾಗದಲ್ಲಿ ಬರೀ ‘ಬಿ’.

ಕಾಕಾ, ಇಷ್ಟು ಓದಿದ ಕೂಡಲೇ ನಿನ್ನ ಎದೆ ಹೊಡೆದುಕೊಂಡಿರಬೇಕು. ದಯವಿಟ್ಟು ಮುಂದಿನ ಹಾಳೆಗೆ ಹಾರಬೇಡ. ನನಗೆ ಗೊತ್ತಾದ ಕ್ರಮದಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ್ದು ನಿನಗೆ ಅರ್ಥವಾಗುವುದಿಲ್ಲ.

ಅವನು ಹೆಡ್‌ಫೋನು ನನ್ನ ಕಿವಿಗೆ ಕೊಟ್ಟ. ತಗಡಿನ ರಾಶಿ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ ಸದ್ದು, ಅದರ ನಡುವೆ ಉಸಿರು ಬಿಡದೆ ಓಡುವ ಗಿಟಾರು, ಅದರ ಮೇಲೆ ಒಂದು ಹುಡುಗಿಯ ದನಿ. ತೆಳ್ಳಗೆ, ಚೂಪಾಗಿ, ಯಾರೋ ಬೆನ್ನಟ್ಟಿದ ಹಾಗೆ ಓಡುತ್ತ ನಗುತ್ತಿರುವ ದನಿ. ‘ಭವಾನಿ, ಈ ಹುಡುಗಿ ಕನ್ನಡದಾಗ ಏನೋ ಅಂತಾಳ್ರಿ, ನನಗ ತಿಳಿವಲ್ದು. ನೀವು ಸಾಹಿತ್ಯ ಓದಿದೋರು, ಬರಕೊಡ್ತೀರೇನು?’ ಎಂದ. ನಾನು ತಲೆಯಾಡಿಸಿದೆ. ಆಮೇಲೆ ಅವನು ಆ ಹುಡುಗಿಯ ಬಗ್ಗೆ ಮಾತಾಡಿದ. ಅರ್ಧ ಗಂಟೆ ಮಾತಾಡಿದ. 1984ರಲ್ಲಿ ನಾಚಾರಂನಲ್ಲಿ ಇಂಥ ಒಬ್ಬ ಹುಡುಗಿ, ಇಷ್ಟು ವೇಗ, ಇಷ್ಟು ಧೈರ್ಯ. ‘ಬಿ’ ಅಂದರೆ ಏನಿರಬಹುದು ಎಂದು ಅವನೇ ಹತ್ತು ಹೆಸರು ಹೇಳಿದ. ಆ ಅಕ್ಷರದಿಂದಲೇ ಶುರುವಾಗುವ ಹೆಸರಿನವಳು ಎದುರಿಗೆ ಕೂತಿದ್ದಾಳೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಎಂಟು ತಿಂಗಳು ಕಾದದ್ದು ಬಂತು, ಬಂದದ್ದು ಇನ್ನೊಬ್ಬಳಿಗಾಗಿ. ಅವಳಿಗೆ ಈಗ ನಲವತ್ತಾದರೂ ಆಗಿರಬೇಕು ಎಂದು ಲೆಕ್ಕ ಹಾಕಿದೆ, ಸಮಾಧಾನವಾಗಲಿಲ್ಲ. ಕ್ಯಾಸೆಟ್ಟಿನಲ್ಲಿ ಅವಳಿಗೆ ಹತ್ತೊಂಬತ್ತೇ. ಅವನು ದಿನಾ ಬಂದು, ಎಷ್ಟು ಸಾಲು ಆಯಿತು ಎಂದು ಕೇಳುವುದು, ನಾನು ಬರೆದ ಚೀಟಿ ಓದಿ ಅವಳನ್ನು ಹೊಗಳುವುದು. ನನ್ನ ಅಕ್ಷರ ದುಂಡಗಿದೆ ಎಂದು ಒಂದು ಸಲವಾದರೂ ಹೇಳಬಹುದಿತ್ತು. ನನ್ನ ಪಕ್ಕದ ಸೀಟಿನ ಐಶ್ವರ್ಯಾ ಬಲು ಚುರುಕು. ‘ಕ್ಯಾ ಭವಾನಿ, ಕ್ಯಾಸೆಟ್ ಪೇ ಜಲ್ ರಈ ಕ್ಯಾ’ ಎಂದು ಎಲ್ಲರ ಮುಂದೆ ಚುಡಾಯಿಸಿದಳು. ಒಂದು ಕ್ಯಾಸೆಟ್ಟಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನಾನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಕ್ಯಾಂಟೀನಿಗೆ ಹೋಗಿಯಾಗಿತ್ತು.

ಕ್ಯಾಸೆಟ್ಟನ್ನು ಮನೆಗೆ ತಂದು, ಒಳಕೋಣೆಯ ಬಾಗಿಲು ಮುಚ್ಚಿ, ನಮ್ಮ ಹಳೇ ಟೇಪ್ ರೆಕಾರ್ಡರಿನಲ್ಲಿ ಸಣ್ಣಗೆ ಇಟ್ಟು, ಹಿಂದೆ ಮುಂದೆ ಓಡಿಸಿ ಓಡಿಸಿ ಬರೆದುಕೊಂಡೆ. ಏನು ಇಂಗ್ಲಿಷ್ ಗದ್ದಲ ಹಚ್ಚಿದಿ ಎಂದು ಅವ್ವ ಹೊರಗಿಂದ ಬೈಯುತ್ತಿದ್ದಳು. ಮೊದಲ ಬದಿಯ ಹಾಡು ಹೀಗಿತ್ತು:

ಇವತ್ತ ಕರೆಂಟ ಇಲ್ಲ, ಸೇಠ್‌ಜೀ,
ಇವತ್ತ ನಾ ನಿಮ್ಮವ್ನ ಅಲ್ಲ.
ಮಷೀನ ಮಲಗೈತಿ, ಎಬ್ಬಸಬ್ಯಾಡ್ರಿ,
ನನ್ನೂ ಎಬ್ಬಸಂಗಿಲ್ಲ.

ಹುಡುಗಿ ‘ನಿಮ್ಮವ್ನ’ ಎಂದು ಹಾಡಿದ್ದು ನನಗೆ ವಿಚಿತ್ರ ಅನ್ನಿಸಿತ್ತು. ಗಂಡಸರ ಹಾಡನ್ನು ಬೇಕೆಂದೇ ಹಾಡಿ ಅಣಕಿಸುತ್ತಿದ್ದಾಳೆ ಎಂದು ರಾಹುಲ ಇನ್ನೂ ಮೆಚ್ಚಿದ. ಎರಡನೇ ಬದಿ, ಅವನ ಪ್ರಕಾರ ಅಪ್ಪಟ ಪವರ್ ಪಾಪ್:

ನಿನ್ನ ಬಸ್ಸು ಮುಂದ, ನನ್ನ ಬಸ್ಸು ಹಿಂದ,
ಸಿಗ್ನಲ್ ಬಿದ್ರ ಎರಡೂ ಒಂದ.

ಇದನ್ನು ಬರೆದುಕೊಂಡ ಸಂಜೆ ನನಗೆ ಅಳು ಬಂತು. ನಾನು ಹದಿನೇಳರಿಂದ ಕವಿತೆ ಬರೆಯುತ್ತಿದ್ದೇನೆ, ನಿನಗೂ ತೋರಿಸಿಲ್ಲ. ನಾಲ್ಕು ನೋಟ್‌ಬುಕ್ ತುಂಬಿವೆ. ಅದರಲ್ಲಿ ಇಂಥ ಒಂದು ಸಾಲಿಲ್ಲ. ಅವನು ಅವಳನ್ನು ಮೆಚ್ಚಿದ್ದಕ್ಕೆ ಪಟ್ಟ ಸಂಕಟ ಒಂದು, ಮೆಚ್ಚಿದ್ದು ಸರಿಯಾಗಿಯೇ ಇದೆ ಎಂದು ತಿಳಿದ ಸಂಕಟ ಇನ್ನೊಂದು.

ಏಪ್ರಿಲ್ ಆರನೇ ತಾರೀಕು ಸಂಜೆ ಐದೂವರೆಗೆ ಕರೆಂಟು ಹೋಯಿತು. ಮೊದಲ ಹಾಡಿನ ಕಡೆಯ ಸಾಲನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುವುದು ಉಳಿದಿತ್ತು, ಒಳಗೆ ಕತ್ತಲೆ. ಟೇಪ್ ರೆಕಾರ್ಡರನ್ನು ಹೊಸ್ತಿಲ ಹತ್ತಿರ ಬೆಳಕಿಗೆ ತಂದು ಸೆಲ್ ಹಾಕಿದೆ. ನಿನಗೆ ಅವ್ವನ ಅಭ್ಯಾಸ ಗೊತ್ತು. ಮುಗಿದ ಸೆಲ್ಲನ್ನು ಅವಳು ಬಿಸಾಡುವುದಿಲ್ಲ. ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಸಾಲಾಗಿ ಬಿಸಿಲಿಗಿಟ್ಟು, ಇನ್ನೂ ನಾಲ್ಕು ದಿನ ಜೀವ ಐತಿ ಎನ್ನುತ್ತಾಳೆ. ನಾನು ಹಾಕಿದ್ದು ಆ ಸೆಲ್ಲುಗಳನ್ನೇ. ಅವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಅವಳ ಪಕ್ಕ ಗೋಡೆಗೊರಗಿ ಕೂತಿದ್ದ.

ಹಾಡು ಶುರುವಾದಾಗ ಹುಡುಗಿಯೇ ಇದ್ದಳು. ಎರಡನೇ ಸಾಲಿಗೆ ಅವಳ ಓಟ ಸ್ವಲ್ಪ ತಗ್ಗಿತು. ಸೆಲ್ ಇಳಿಯುತ್ತಿದೆ ಎಂದು ಗೊತ್ತಾದರೂ ನನ್ನ ಕೈ ಬಟನ್ನಿಗೆ ಹೋಗಲಿಲ್ಲ. ದನಿ ಇಳಿಯುತ್ತ ಇಳಿಯುತ್ತ ಮೀಸೆ ಮೂಡದ ಹುಡುಗನದಾಯಿತು, ಆಮೇಲೆ ಹುಡುಗನದೂ ಅಲ್ಲ. ಗಿಟಾರಿನ ಗಡಿಬಿಡಿ ಹೋಗಿ ಒಂದೊಂದೇ ತಂತಿ ಬೇರೆ ಬೇರೆ ಕೇಳತೊಡಗಿತು. ಒಬ್ಬ ಗಂಡಸು ಎಲ್ಲಿಗೂ ಅವಸರವಿಲ್ಲದೆ, ಮಲಗಿದ ಮಷೀನಿನ ಮೇಲೆ ಕೈಯಿಟ್ಟು ನಿಂತ ಹಾಗೆ, ‘ನನ್ನೂ ಎಬ್ಬಸಂಗಿಲ್ಲ’ ಎಂದು ಹಾಡುತ್ತಿದ್ದ. ಅವ್ವನ ಕೈಯಲ್ಲಿ ಮೊರ ನಿಂತಿತು.

‘ಇದು ನಮ್ಮ ಭೀಮ್ಯಾ ಅಲ್ಲೇನ?’ ಎಂದಳು.

ಆಮೇಲೆ ಅಪ್ಪನ ಬಲಗಿವಿಗೆ ಬಾಯಿಟ್ಟು ಅದನ್ನೇ ಕೂಗಿ ಹೇಳಿದಳು. ಅಪ್ಪನಿಗೆ ಹಾಡು ಕೇಳಿಸಲಿಲ್ಲ. ನನ್ನ ಕೈಯಿಂದ ತಗಡಿನ ಹೊದಿಕೆ ತೆಗೆದುಕೊಂಡು ಹೆಬ್ಬೆರಳಿನಿಂದ ಅದರ ಅಂಚು ಸವರಿದ. ಬೆರಳು ಕೊಯ್ಯದ ಹಾಗೆ ಅಂಚನ್ನು ಎರಡು ಸಲ ಒಳಗೆ ಮಡಚಿ ಬಡಿದಿದ್ದೀಯಲ್ಲ, ಅಲ್ಲಿ ಹೆಬ್ಬೆರಳು ಬಹಳ ಹೊತ್ತು ಓಡಾಡಿತು. ‘ಹೌದು, ಅವನ ಕೈ ಇದು. ಈ ಮಡಿಕಿ ನಾನಾ ಕಲಿಸಿದ್ದು’ ಎಂದ. ಯಾರೂ ಕೇಳದಿದ್ದರೂ, ‘ಅವತ್ತ ನಾ ನಗಬಾರದಿತ್ತು’ ಎಂದ. ಕರೆಂಟು ಬರುವವರೆಗೂ ಹೊದಿಕೆಯನ್ನು ಕೈಯಿಂದ ಬಿಡಲಿಲ್ಲ.

ಉಳಿದದ್ದನ್ನು ಅವ್ವ ರೊಟ್ಟಿ ಬಡಿಯುತ್ತ ಹೇಳಿದಳು. ನೀನೂ ಅಪ್ಪನೂ ದುಡಿಯುತ್ತಿದ್ದ ಇಂಡಸ್ಟ್ರಿಯಲ್ ಎಸ್ಟೇಟಿಗೆ ವಾರಕ್ಕೊಂದು ದಿನ ಕರೆಂಟು ಕೊಡದ ಪವರ್ ಹಾಲಿಡೇ ಇದ್ದ ಕಾಲ. ಪ್ರೆಸ್ಸುಗಳೆಲ್ಲ ನಿಂತು ಶೆಡ್ಡಿನಲ್ಲಿ ಹಕ್ಕಿಯ ಸದ್ದು ಕೇಳುವ ದಿನ ಅದೊಂದೇ. ನೀನು ಹಾಡಿಗೆ, ನಿನ್ನ ಜೊತೆ ಪ್ರೆಸ್ಸಿನಲ್ಲಿದ್ದ ಅಮೃತಪ್ಪ ಗಿಟಾರಿಗೆ, ಇನ್ನೊಬ್ಬ ತೆಲುಗು ಗೆಳೆಯ ತಗಡಿನ ತುಣುಕು ತುಂಬಿದ ಡಬ್ಬಿ ಬಡಿಯಲು. ಕರೆಂಟಿಲ್ಲದ ದಿನ ರೆಕಾರ್ಡ್ ಮಾಡಲು ಸೆಲ್ ಬೇಕಲ್ಲ, ‘ವೈನೀ, ನಿಮ್ಮ ರೇಡಿಯೋದಾಗಿನ ಸೆಲ್ ಒಯ್ತೀನಿ’ ಎಂದು ಅವ್ವನಿಗೆ ಹೇಳಿ ಒಯ್ದೆಯಂತೆ. ಅವು ಬಿಸಿಲಿಗಿಟ್ಟು ಎರಡು ಸಲ ಬದುಕಿದ್ದ ಸೆಲ್ಲು. ಕೇಳಿ ನೋಡದೇ ಕೋಠಿಯ ಅಂಗಡಿಯಲ್ಲಿ ಅರವತ್ತು ಕಾಪಿ ಮಾಡಿಸಿ, ಮೊದಲನೆಯದನ್ನು ಮನೆಗೆ ತಂದು ಕರೆಂಟಿನಲ್ಲಿ ಹಾಕಿದಾಗ ಹೆಣ್ಣುದನಿ ಬಂತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ವಠಾರದವರೂ ಬಂದು ನಕ್ಕರು. ನಿನ್ನನ್ನು ಎಷ್ಟೋ ದಿನ ‘ಭೀಮಾಬಾಯಿ’ ಎಂದು ಕರೆದರಂತೆ. ನೀನು ಎಲ್ಲ ಕ್ಯಾಸೆಟ್ಟನ್ನೂ ಅಮೃತಪ್ಪನ ಮನೆಗೆ ಒಯ್ದು ಹಾಕಿದೆ. ತಿಂಗಳೊಳಗೆ ಪ್ರೆಸ್ಸು ಅಮೃತಪ್ಪನ ಎರಡು ಬೆರಳು ತೆಗೆದುಕೊಂಡಿತು, ಗಿಟಾರೂ ಮುಗಿಯಿತು. ಹೋದ ವರ್ಷ ಅವರು ಮನೆ ಖಾಲಿ ಮಾಡಿ ಊರಿಗೆ ಹೋಗುವಾಗ ಹಳೇ ಸಾಮಾನೆಲ್ಲ ಗುಜರಿಗೆ ಹಾಕಿದರಂತೆ. ಅಬಿಡ್ಸ್ ಫುಟ್‌ಪಾತಿಗೆ ಬಂದದ್ದು ಆ ದಾರಿಯಲ್ಲಿ.

ಇದೊಂದು ನಿನಗೆ ಗೊತ್ತಿದೆಯೋ ಇಲ್ಲವೋ ಕಾಕಾ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸೆಲ್ ಸೋತಿತ್ತು, ಹಾಗಾಗಿ ರೆಕಾರ್ಡ್ ಆಗುವಾಗ ಟೇಪು ನಿಧಾನ ತಿರುಗಿತು. ಅದನ್ನೇ ಕರೆಂಟಿನಲ್ಲಿ ಹಾಕಿದಾಗ ಎಲ್ಲವೂ ಓಡಿತು, ದನಿ ಏರಿತು. ನಿನ್ನ ದನಿಯಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಅವ್ವನಿಗೆ ಹೇಳಿದಾಗ ಅವಳು ಹಂಚಿನ ಮೇಲೆ ರೊಟ್ಟಿ ಮರೆತು, ‘ಹಂಗಾರ ನನ್ನ ಸೆಲ್ಲಿಂದ ಅಷ್ಟೆಲ್ಲಾ ಆತೇನ?’ ಎಂದು ಕೂತುಬಿಟ್ಟಳು. ರೊಟ್ಟಿ ಸೀದು ಕರಿಯಾಯಿತು.

ಈಗ ನನ್ನ ಮಾತಿಗೆ ಬರುತ್ತೇನೆ. ಮೂರು ವಾರ ನಾನು ಹೊಟ್ಟೆ ಉರಿದುಕೊಂಡದ್ದು ನಿನ್ನ ಮೇಲೆ ಎಂದು ತಿಳಿದ ಮೇಲೆ ಉರಿ ಆರಬೇಕಿತ್ತು. ಆರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನೀನು, ಒಂದು ರಜಾದಿನ, ಎರಡು ಹಾಡು ಕಟ್ಟಿ ಬಿಟ್ಟುಬಂದೆ. ಇಪ್ಪತ್ತೆರಡು ವರ್ಷದ ಮೇಲೆ ಅದನ್ನು ಒಬ್ಬ ಹುಡುಗ ಎದೆಗೊತ್ತಿಕೊಂಡು ತಿರುಗುತ್ತಾನೆ. ನನ್ನ ನಾಲ್ಕು ನೋಟ್‌ಬುಕ್ಕಿಗೆ ಯಾರು ಅಬಿಡ್ಸ್‌ನಲ್ಲಿ ಮಂಡಿಯೂರುತ್ತಾರೆ? ಮುಂದಿನ ಬಸ್ಸಿನಲ್ಲಿ ಕೂತವಳು ಯಾರು ಎಂದು ಅವ್ವನನ್ನು ಕೇಳಿದೆ. ಗೊತ್ತಿಲ್ಲ ಎಂದಳು, ಆದರೆ ಮುಖ ಒಲೆಯ ಕಡೆ ತಿರುಗಿಸಿಕೊಂಡಳು. ನೀನು ಮದುವೆ ಬೇಡ ಎಂದು ಮಸ್ಕತ್‌ಗೆ ಹೋದದ್ದಕ್ಕೂ ಅವಳಿಗೂ ಸಂಬಂಧವಿದೆಯೇ ಎಂದು ನಾನು ಕೇಳುವುದಿಲ್ಲ. ಯಾರೇ ಆಗಿರಲಿ, ಅವಳ ಮೇಲೂ ನನಗೆ ಹೊಟ್ಟೆಕಿಚ್ಚು. ಸಿಗ್ನಲ್ ಬೀಳಲಿ ಎಂದು ನನಗಾಗಿ ಯಾರೂ ಹಾಡಿಲ್ಲ.

ಮರುದಿನ ನಿಜ ಹೇಳಲೆಂದೇ ಆಫೀಸಿಗೆ ಹೋದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಆ ಹುಡುಗಿಯನ್ನು ಇಲ್ಲವಾಗಿಸುವ ಖುಷಿ ನನಗಿತ್ತು. ರಾಹುಲ ಎದ್ದು ಬಂದ, ಕುರ್ಚಿ ಎಳೆದ, ಮುಖದಲ್ಲಿ ಆ ಬೆಳಕು. ನಿಜ ಹೇಳಿದರೆ ನಾಳೆಯಿಂದ ಈ ಕುರ್ಚಿ ಖಾಲಿ ಎಂದು ಆ ಕ್ಷಣಕ್ಕೆ ಹೊಳೆಯಿತು. ಹೇಳದಿದ್ದರೆ ಅವಳು ಉಳಿಯುತ್ತಾಳೆ. ಎರಡೂ ಬೇಡವೆನಿಸಿ ನನ್ನ ಬಾಯಿಂದ ಬಂದದ್ದು ಇದು: ‘ಆಕಿ ಸಿಕ್ಕಾಳ್ರಿ. ನಮ್ಮ ಕಾಕಿ. ಮಸ್ಕತ್‌ನಾಗ ಇರ್ತಾಳ. ಮೂರು ಮಕ್ಕಳು.’ ಹೆಸರು ಕೇಳಿದ. ಭಾಗಮ್ಮ ಎಂದೆ.

ಹೀಗೆ ನಾನು ನಿನ್ನನ್ನು ನಿನ್ನ ದನಿಯ ಜೊತೆಗೇ ಮದುವೆ ಮಾಡಿಸಿಬಿಟ್ಟೆ. ಮದುವೆಯಾಗಿ ಮೂರು ಹೆತ್ತವಳು ಎಂದರೆ ಅವನ ಮುಖ ಬಾಡುತ್ತದೆ ಎಂದುಕೊಂಡಿದ್ದೆ. ‘ಇದ್ದಾಳ! ಜೀವಂತ ಇದ್ದಾಳ!’ ಎಂದು ಮೇಜು ಕುಟ್ಟಿದ. ಅವತ್ತು ಊಟಕ್ಕೂ ನನ್ನ ಜೊತೆಗೇ ಬಂದ. ಭಾಗಮ್ಮ ಹೇಗಿದ್ದಾಳೆ, ಈಗಲೂ ಹಾಡುತ್ತಾಳೆಯೇ, ಸಿಟ್ಟಿನವಳೇ. ನಾನು ಹೇಳುತ್ತ ಹೋದೆ. ಸಿಟ್ಟಿನವಳಲ್ಲ, ಸುಮ್ಮನೆ ಕೂತು ಎಲ್ಲರನ್ನೂ ಗಮನಿಸುವವಳು ಎಂದೆ. ಕೈಬರಹ ದುಂಡಗೆ ಎಂದೆ. ನೋಟ್‌ಬುಕ್ಕಿನಲ್ಲಿ ಬರೆದು ಯಾರಿಗೂ ತೋರಿಸದೆ ಇಡುತ್ತಾಳೆ ಎಂದೆ. ಅವನು ಕಣ್ಣು ಬಿಟ್ಟುಕೊಂಡು ಕೇಳಿದ. ನಾನು ಹೇಳಿದ್ದನ್ನು ಯಾರಾದರೂ ಹಾಗೆ ಕೇಳಿದ್ದು ಇದೇ ಮೊದಲು. ದಿನಾ ಮಧ್ಯಾಹ್ನ ಭಾಗಮ್ಮನ ಬಗ್ಗೆ ಒಂದಿಷ್ಟು ಹೊಸದು ಹೇಳುತ್ತೇನೆ, ಮನೆಗೆ ಬಂದು ಅವಳ ಮೇಲೆ ಹಲ್ಲು ಕಡಿಯುತ್ತೇನೆ. ನನ್ನದೆಲ್ಲವನ್ನೂ ಒಂದೊಂದಾಗಿ ಅವಳಿಗೇ ಕೊಟ್ಟುಬಿಟ್ಟೆ. ನನ್ನ ಹತ್ತಿರ ಈಗ ಉಳಿದಿರುವುದು ಸೀಟು ಮಾತ್ರ.

ವಿಷಯ ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ರಾಹುಲ ಆ ಎರಡು ಹಾಡನ್ನು ತನ್ನ ಇಂಟರ್‌ನೆಟ್ ಪುಟದಲ್ಲಿ ಹಾಕಿದ. ಜರ್ಮನಿಯಲ್ಲಿ ಇಂಥ ಹಳೇ ಹಾಡುಗಳನ್ನೇ ಮತ್ತೆ ತಟ್ಟೆ ಮಾಡಿ ಹೊರತರುವ ಒಬ್ಬಾತ ಅವನ್ನು ಕೇಳಿ ಮೆಚ್ಚಿದ್ದಾನೆ. ಮುನ್ನೂರು ತಟ್ಟೆ ಮಾಡುತ್ತಾನಂತೆ, ನೀವು ಮಾಡಬೇಕೆಂದುಕೊಂಡು ಮಾಡಲಾಗದ ನಿಜವಾದ ತಟ್ಟೆ, ಬದಿಗೊಂದು ಹಾಡು. ಹೊದಿಕೆಯೂ ನಿನ್ನ ತಗಡಿನ ಹಾಗೇ. ಅದರ ಮೇಲೆ ‘ಭಾಗಮ್ಮ’ ಎಂದು ಅಚ್ಚು ಹಾಕಿಸಲು ಅನುಮತಿ ಬೇಕು, ಒಂದು ಫೋಟೋ ಬೇಕು ಎಂದು ರಾಹುಲ ಕೇಳುತ್ತಿದ್ದಾನೆ. ನೀನು ಸೇಠ್‌ಜಿಗೆ ಹೇಳಿದ ಮಾತನ್ನು ನಾನು ಇಲ್ಲದವಳ ಹೆಸರಿಗೆ ಬರೆದುಕೊಟ್ಟಿದ್ದೇನೆ. ಒಮ್ಮೆ ವಠಾರದವರು ನಿನ್ನ ಹೆಸರು ಕಿತ್ತುಕೊಂಡು ಭೀಮಾಬಾಯಿ ಎಂದರು. ಈ ಸಲ ಅದನ್ನು ಮಾಡಿದವಳು ನಾನು. ಅಪ್ಪ ದಿನಾ ಸಂಜೆ ಆ ಹೊದಿಕೆ ಎಲ್ಲಿ ಎಂದು ಕೇಳುತ್ತಾನೆ, ಅದನ್ನು ರಾಹುಲನಿಗೆ ಇನ್ನೂ ವಾಪಸು ಕೊಟ್ಟಿಲ್ಲ. ಅಪ್ಪನ ಹೆಬ್ಬೆರಳು ನೋಡಿದಾಗಲೆಲ್ಲ ನನಗೆ ತಲೆ ಎತ್ತಲಾಗುವುದಿಲ್ಲ.

ಬಯ್ಯಬೇಕೆನಿಸಿದರೆ ಬಯ್ಯಿ, ಆದರೆ ಅವ್ವನ ಮುಂದೆ ಬೇಡ. ಬಿಸಿಲಿಗೆ ಹೋಗುವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೋ. ಅವ್ವ ನಿನಗೆ ಅಂಬಲಿ ಕುಡಿ ಎಂದು ಹೇಳಿದ್ದಾಳೆ, ಹಿಟ್ಟು ಕಳಿಸುತ್ತಾಳಂತೆ. ಅಪ್ಪ ಏನೂ ಹೇಳಿಲ್ಲ, ಆದರೆ ನಾನು ಬರೆಯುವಾಗ ಎರಡು ಸಲ ಬಂದು, ಯಾರಿಗೆ ಎಂದು ಕೇಳಿ, ನಿನ್ನ ಹೆಸರು ಹೇಳಿದಾಗ ಹಾಳೆಯ ಮೇಲೆ ಕೈಯಿಟ್ಟು ಹೋದ. ಅದನ್ನೇ ಅವನ ಆಶೀರ್ವಾದ ಎಂದು ತಿಳಿದುಕೋ. ನಿನ್ನ ಕಾಲಿಗೆ ನನ್ನ ನಮಸ್ಕಾರ.

ನಿನ್ನ ಅಣ್ಣನ ಮಗಳು,
ಹೊಟ್ಟೆಕಿಚ್ಚಿನ
ಭವಾನಿ

ತಾ.ಕ.: ಪೋಸ್ಟಾಫೀಸಿಗೆ ಹೊರಟವಳು ವಾಪಸು ಬಂದು ಇದನ್ನು ಸೇರಿಸುತ್ತಿದ್ದೇನೆ. ರಾಹುಲನಿಗೆ ನಿಮ್ಮ ಕ್ಯಾಂಪಿನ ನಂಬರ್ ಕೊಟ್ಟಿದ್ದೇನೆ. ಮೇ ಹನ್ನೆರಡು, ಶುಕ್ರವಾರ, ಇಲ್ಲಿಯ ಐದು ಗಂಟೆಗೆ, ನಿಮ್ಮಲ್ಲಿ ಮೂರೂವರೆ, ಅವನು ಆಫೀಸಿನಿಂದ ಫೋನ್ ಮಾಡಿ ಭಾಗಮ್ಮನನ್ನು ಕೇಳುತ್ತಾನೆ. ನನ್ನಿಂದ ನಿಜ ಹೇಳಲಾಗಲಿಲ್ಲ, ಎರಡು ಸಲ ಬಾಯಿ ತೆರೆದು ಮುಚ್ಚಿದೆ. ನೀನೂ ಏನೂ ವಿವರಿಸಬೇಡ. ನಿನಗೆ ಮನಸ್ಸಿದ್ದರೆ, ಮೊದಲ ಬದಿಯ ನಾಲ್ಕು ಸಾಲು ನಿನ್ನ ದನಿಯಲ್ಲಿ, ನಿನಗೆ ಬೇಕಾದಷ್ಟು ನಿಧಾನವಾಗಿ ಹಾಡಿ, ನಿನ್ನ ಹೆಸರು ಹೇಳು. ಅವನಿಗೆ ಅರ್ಥವಾಗುತ್ತದೆ. ನಾನು ಬೆನ್ನು ಮಾಡಿ ಕೂತಿರುತ್ತೇನೆ. ಫೋನಿಟ್ಟ ಮೇಲೆ ಅವನು ಸೀದಾ ತನ್ನ ಜಾಗಕ್ಕೆ ಹೋದರೆ ಹೋಗಲಿ. ಕುರ್ಚಿ ಎಳೆದ ಸದ್ದು ಕೇಳಿದರೆ, ಅಲ್ಲಿ ಆಗ ಆ ಹುಡುಗಿ ಇರುವುದಿಲ್ಲ, ನಾನೊಬ್ಬಳೇ ಇರುತ್ತೇನೆ.